ನೊಣ ಇಟ್ಟ ಚುಕ್ಕೆ

1986ರಲ್ಲಿ ನಾನು ಈ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಗೆ ಸೇರಿದಾಗ, ಗ್ರಂಥಾಲಯದಲ್ಲಿ ಕಿಟಕಿ ಪಕ್ಕದ ಮೇಜನ್ನು ನಾವು ನಾಲ್ಕು ಜನ ಆಕ್ರಮಿಸಿಕೊಂಡಿದ್ದೆವು. ದೆಹಲಿಯಿಂದ ಬರುತ್ತಿದ್ದ ‘ಎಲೆಕ್ಟ್ರಾನಿಕ್ಸ್ ಫಾರ್ ಯು’, ಡಚ್ ಮೂಲದ ‘ಎಲೆಕ್ಟರ್’ನ ಭಾರತೀಯ ಆವೃತ್ತಿ, ಎರಡೂ ಪತ್ರಿಕೆಗಳು ಆ ಮೇಜಿಗೇ ಬರುತ್ತಿದ್ದವು. ಮನೆಗೆ ಕೊಡುತ್ತಿರಲಿಲ್ಲ. ಸರ್ಕೀಟು ಬೇಕೆಂದರೆ ಪಟ್ಟಿ ಪುಸ್ತಕದಲ್ಲಿ ಕೈಯಾರೆ ಬರೆದುಕೊಳ್ಳಬೇಕು.

ಎಲೆಕ್ಟರ್ ಓದುವುದಕ್ಕೆ ಬೇರೆಯೇ ಬಾಲಪಾಠ ಬೇಕಿತ್ತು. 4.7ಕೆ, ಅಂದರೆ 4.7 ಸಾವಿರ ಓಮ್ ತಡೆಯೊಡ್ಡುವ ರೆಸಿಸ್ಟರನ್ನು ಅವರು 4ಕೆ7 ಎಂದು ಅಚ್ಚು ಹಾಕುತ್ತಿದ್ದರು. ಮುದ್ರಣದಲ್ಲಿ ದಶಾಂಶದ ಚುಕ್ಕೆ ಮಾಸಿದರೆ 4.7 ಹೋಗಿ 47 ಆಗಿಬಿಡುತ್ತದೆಂಬ ಮುಂಜಾಗ್ರತೆ ಅದು. ಟ್ರಾನ್ಸಿಸ್ಟರ್ ಜಾಗದಲ್ಲಿ ‘ಟನ್’ ಎಂದಿರುತ್ತಿತ್ತು. ಯಾವುದಾದರೂ ಸಾಧಾರಣ ಎನ್‌ಪಿಎನ್ ಬಗೆಯ ಟ್ರಾನ್ಸಿಸ್ಟರ್ ಸಾಕು ಎಂದರ್ಥ. ಇದು ನಮ್ಮಂಥ ಊರಿನವರಿಗೆ ವರವೇ ಸರಿ. ರೇಡಿಯೊ ರಿಪೇರಿ ಅಂಗಡಿಯವರು ಡಬ್ಬಿ ಕೆದಕಿ ಒಂದು ಬಿ.ಸಿ.148 ಟ್ರಾನ್ಸಿಸ್ಟರ್ ಕೊಟ್ಟರೆ ಕೆಲಸ ನಡೆಯುತ್ತಿತ್ತು. ಅಲ್ಲಿ ಸಿಗದ್ದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಗತಿ. ಹೋಗುವವರ ಕೈಯಲ್ಲಿ ಚೀಟಿ ಕೊಟ್ಟು ವಾರಗಟ್ಟಲೆ ಕಾಯುತ್ತಿದ್ದೆವು.

ಹಾಗೆ ಕಾದು ತರಿಸಿದ ಒಂದು 555 ಐಸಿಯ, ಅಂದರೆ ಸಮಯ ಎಣಿಸುವ ಎಂಟು ಕಾಲಿನ ಪುಟ್ಟ ಚಿಪ್ಪಿನ, ಕಥೆ ಇದು.

ಕಟ್ಟಬೇಕಾದದ್ದು ಎಲ್ಇಡಿ ಮಿನುಗಿಸುವ ಸರ್ಕೀಟು. 10ಕೆ, 68ಕೆ ರೆಸಿಸ್ಟರುಗಳು, ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ 10 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್: ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮಿನುಗು. ಗೆರೆ ಗೆರೆಯನ್ನೂ ಸ್ಕೇಲಿಟ್ಟು ನಕಲು ಮಾಡಿದೆ. ತೂತುಗಳೂ ತಾಮ್ರದ ಪಟ್ಟಿಗಳೂ ಇರುವ ವೆರೊಬೋರ್ಡಿನ ಮೇಲೆ ಬೆಸುಗೆ ಹಾಕಿ, ಬ್ಯಾಟರಿ ಎಲಿಮಿನೇಟರ್ ಜೋಡಿಸಿ ಸ್ವಿಚ್ ಒತ್ತಿದೆ. ಎಲ್ಇಡಿ ಸುಮ್ಮನಿತ್ತು. ಐಸಿಯ ಮೇಲೆ ಬೆರಳಿಟ್ಟವನು ಕಾವಲಿ ಮುಟ್ಟಿದಂತೆ ಕೈ ಎಳೆದುಕೊಂಡೆ. ಸುಟ್ಟ ವಾಸನೆ ಲ್ಯಾಬಿನ ಆ ತುದಿಯಲ್ಲಿದ್ದ ಮೇಷ್ಟ್ರ ಮೂಗಿಗೂ ಬಡಿಯಿತು.

ಅವರು ಬಯ್ಯಲಿಲ್ಲ. ನನ್ನ ಪುಸ್ತಕದ ಚಿತ್ರ ನೋಡಿ, “ಏಳನೇ ಕಾಲನ್ನು ನೇರವಾಗಿ ಸಪ್ಲೈಗೆ ಯಾಕಯ್ಯಾ ಕೊಟ್ಟೆ?” ಎಂದರು. ಆ ಕಾಲು ಕೆಪ್ಯಾಸಿಟರನ್ನು ಬರಿದು ಮಾಡುವಾಗ ಒಳಗಿನ ಟ್ರಾನ್ಸಿಸ್ಟರ್ ಮೂಲಕ ಗ್ರೌಂಡಿಗೆ, ಅಂದರೆ ಸಪ್ಲೈಯ ಮೈನಸ್ ಬದಿಗೆ, ಸೇರುತ್ತದೆ. ನಡುವೆ 10ಕೆ ಇಲ್ಲದಿದ್ದರೆ ಐಸಿ ಉಳಿಯುವುದಿಲ್ಲ. ಪತ್ರಿಕೆಯಲ್ಲೇ ಹಾಗಿದೆ ಎಂದು ನಾನು ವಾದಿಸಿದೆ. ಹದಿನೇಳರ ಹುಂಬತನ.

ಇಬ್ಬರೂ ಗ್ರಂಥಾಲಯಕ್ಕೆ ನಡೆದೆವು. ಎರಡು ಗೆರೆಗಳು ಒಂದನ್ನೊಂದು ದಾಟುವಲ್ಲಿ ಚುಕ್ಕೆ ಇದ್ದರೆ ಅವು ಕೂಡಿವೆ, ಇಲ್ಲದಿದ್ದರೆ ಸುಮ್ಮನೆ ದಾಟಿವೆ ಎಂದು ಲೆಕ್ಕ. ಪುಟದಲ್ಲಿ ಏಳನೇ ಕಾಲಿನ ಗೆರೆ ಸಪ್ಲೈ ಗೆರೆಯನ್ನು ದಾಟುವಲ್ಲಿ ಚುಕ್ಕೆ ಇತ್ತು! ನಾನು ಗೆದ್ದವನಂತೆ ಅವರ ಮುಖ ನೋಡಿದೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಕಿರುಬೆರಳಿನ ಉಗುರಿನಿಂದ ಮೆಲ್ಲಗೆ ಕೆರೆದರು. ಚುಕ್ಕೆ ಪುಡಿಯಾಗಿ ಉದುರಿತು. ನೊಣದ ಹಿಕ್ಕೆ.

ಅವರು ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ. ಗ್ರಂಥಪಾಲಕರು ಎದ್ದು ಬಂದು, ಪತ್ರಿಕೆಗೆ ಏನು ಮಾಡುತ್ತಿದ್ದೀರಿ ಎಂದು ಇಬ್ಬರನ್ನೂ ಗದರಿದರು.

ಲ್ಯಾಬಿಗೆ ಮರಳಿದ ಮೇಲೆ ಮೇಷ್ಟ್ರು ಬೀರು ತೆಗೆದು ಕಾಲೇಜಿನ ಲೆಕ್ಕದಲ್ಲಿ ಬೇರೆ 555 ಕೊಟ್ಟರು. ಸಂಜೆಯೊಳಗೆ ಎಲ್ಇಡಿ ಮಿನುಗಿತು. ಸಹಿ ಹಾಕಲು ದಾಸ್ತಾನು ಪುಸ್ತಕ ನನ್ನ ಮುಂದಿಟ್ಟಾಗ ನೋಡಿದೆ: ‘ಐಸಿ 555, ಒಂದು, ಹಾಳು’. ಕಾರಣದ ಕಾಲಮ್ಮಿನಲ್ಲಿ ಅವರ ದುಂಡು ಅಕ್ಷರದಲ್ಲಿ, ‘ನೊಣ’.