ಲೆಸೊಥೊ ಮಾದರಿ: ಹದಿಮೂರನೇ ಹಾಳೆ ಕೂತಿತು

ದಕ್ಷಿಣ ಆಫ್ರಿಕಾದ ನಡುವೆ ಇರುವ ಪುಟ್ಟ ದೇಶ ಲೆಸೊಥೊದ ಬೆಟ್ಟ-ಕಣಿವೆಗಳನ್ನು ರಟ್ಟಿನ ಹಾಳೆ ಒಂದರ ಮೇಲೊಂದು ಅಂಟಿಸಿ ಮಾದರಿ ಮಾಡುತ್ತಿದ್ದೇನೆ. ನಿನ್ನೆ ರಾತ್ರಿ ಹದಿಮೂರನೇ ಹಾಳೆ ಅಂಟಿಸಿದೆ. ಮಾದರಿ ಈಗ 2,600 ಮೀಟರ್ ಮುಟ್ಟಿದೆ. ಇನ್ನು ಎಂಟು ಹಾಳೆ ಬಾಕಿ.

ಅಳತೆ ಹೀಗಿದೆ: ನೆಲದ 5 ಕಿಲೋಮೀಟರ್‌ಗೆ 1 ಸೆಂಟಿಮೀಟರ್, ಎತ್ತರದ 100 ಮೀಟರ್‌ಗೆ 1 ಮಿಲಿಮೀಟರ್ ದಪ್ಪದ ಒಂದು ರಟ್ಟು. ಅಂದರೆ ಎತ್ತರವನ್ನು ಐದು ಪಟ್ಟು ಹಿಗ್ಗಿಸಿದ್ದೇನೆ. ಇಡೀ ದೇಶ ಸುಮಾರು ಅರ್ಧ ಮೀಟರ್ ಚೌಕದಲ್ಲಿ ಕೂರುತ್ತದೆ. ಅಡಿಯ ಹಾಳೆಯೇ 1,400 ಮೀಟರ್. ದೇಶದ ಅತಿ ತಗ್ಗು ಜಾಗ, ಸೆಂಕು ಮತ್ತು ಮಖಲೆಂಗ್ ಹೊಳೆಗಳು ಕೂಡುವ ಕಡೆ, ಇರುವುದೇ ಆ ಎತ್ತರದಲ್ಲಿ. ಇಡೀ ನೆಲ 1,000 ಮೀಟರ್‌ಗಿಂತ ಮೇಲಿರುವ ದೇಶ ಜಗತ್ತಿನಲ್ಲಿ ಇದೊಂದೇ.

ಮೊದಲ ಸಲ ಬೇರೆ ಥರ ಶುರು ಮಾಡಿದ್ದೆ. ಒಂದು ಬಯಲು, ಅದರ ಮೇಲೆ ಮಾಲೊಟಿ ಬೆಟ್ಟಸಾಲು ಅಂದುಕೊಂಡು ತುಂಡುತುಂಡಾಗಿ ಬೆಟ್ಟ ಕತ್ತರಿಸಿದೆ. ಒಂದೂ ಹೊಂದಲಿಲ್ಲ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗಳನ್ನು ಒಂದೊಂದಾಗಿ ಪ್ರಿಂಟ್ ತೆಗೆದ ಮೇಲೆ ವಿಷಯ ಗೊತ್ತಾಯಿತು. 1,800 ಮೀಟರ್ ಹಾಳೆಯಲ್ಲೂ ದೇಶದ ಮುಕ್ಕಾಲಿಗಿಂತ ಜಾಸ್ತಿ ಭಾಗ ಹಾಗೇ ಉಳಿಯುತ್ತದೆ. ಕತ್ತರಿಸಿ ಹೋಗುವುದು ಪಶ್ಚಿಮದ ಒಂದು ಪಟ್ಟಿ, ಮತ್ತೆ ನೈಋತ್ಯದಿಂದ ಒಳಗೆ ಚಾಚಿದ ಸೆಂಕು ಕಣಿವೆ. ಅಲ್ಲಿಂದ ಮೇಲಕ್ಕೆ ಕಣಿವೆಗಳು ಬೆರಳುಗಳ ಹಾಗೆ ಕವಲೊಡೆಯುತ್ತವೆ. ಈ ತಿಂಗಳಿಡೀ ನನ್ನ ಕಟರ್ ಹೊಳೆಗಳ ದಾರಿಯಲ್ಲೇ ಓಡಾಡಿದೆ.

ಆ ನೆಲ ಆದದ್ದೂ ಹಾಗೇ ಅಲ್ವಾ! ಸುಮಾರು 18 ಕೋಟಿ ವರ್ಷದ ಹಿಂದೆ ಲಾವಾ ಪದರದ ಮೇಲೆ ಪದರ ಹರಿದು, ತಿಳಿ ಬಣ್ಣದ ಮರಳುಗಲ್ಲನ್ನು ಮುಚ್ಚಿತು. ಒಂದು ಕಿಲೋಮೀಟರ್‌ಗೂ ಜಾಸ್ತಿ ದಪ್ಪದ ಕಪ್ಪು ಬಸಾಲ್ಟ್. ಆಮೇಲೆ ಹೊಳೆಗಳು ಅದನ್ನು ಕೊರೆಯುತ್ತಾ ಹೋದವು. ಕೊರೆಯದೆ ಬಿಟ್ಟ ಭಾಗವೇ ಇವತ್ತಿನ ಬೆಟ್ಟಗಳು.

ಪೂರ್ವದ ಅಂಚು ಮಾತ್ರ ಬೇರೆ. ಅಲ್ಲಿ ಡ್ರಾಕೆನ್ಸ್‌ಬರ್ಗ್ ಬೆಟ್ಟಸಾಲು ಗೋಡೆಯ ಹಾಗೆ ದಕ್ಷಿಣ ಆಫ್ರಿಕಾದ ಕಡೆಗೆ ಇಳಿದುಬಿಡುತ್ತದೆ. ಸೆಂಕು ಹುಟ್ಟುವುದು ಈ ಗೋಡೆಯ ಪಕ್ಕದಲ್ಲೇ. ನಮ್ಮ ಕಾವೇರಿ ಪಡುವಣ ಕಡಲಿಗೆ ಬೆನ್ನು ಹಾಕಿ ಮೂಡಣಕ್ಕೆ ಹೊರಡುವ ಹಾಗೆ, ಸೆಂಕು ಹತ್ತಿರದ ಹಿಂದೂ ಮಹಾಸಾಗರವನ್ನು ಬಿಟ್ಟು ಪಶ್ಚಿಮಕ್ಕೆ ತಿರುಗುತ್ತದೆ. ಆರೆಂಜ್ ನದಿ ಅಂತ ಹೆಸರು ಪಡೆದು, ಒಟ್ಟು 2,200 ಕಿಲೋಮೀಟರ್‌ನಷ್ಟು ಹರಿದು ಅಟ್ಲಾಂಟಿಕ್ ಸೇರುತ್ತದೆ.

ಎರಡು ಕಡೆ ಕೆಲಸ ನಿಂತಿತ್ತು. ಒಂದು, ಸೆಮೊಂಕೊಂಗ್ ಊರಿನ ಹತ್ತಿರದ ಮಲೆತ್ಸುನ್ಯಾನೆ ಜಲಪಾತ. 192 ಮೀಟರ್ ನೇರ ಬೀಳು. ಎರಡು ಹಾಳೆಗಳ ಅಂಚು ಒಂದರ ಮೇಲೊಂದು ಸರಿಯಾಗಿ ಕೂರಬೇಕು, ಕೂದಲೆಳೆಯಷ್ಟೂ ಮೆಟ್ಟಿಲು ಕಾಣಬಾರದು. ಮೂರನೇ ಸಲಕ್ಕೆ ಕೂತಿತು. ಸೆಮೊಂಕೊಂಗ್ ಅಂದರೆ ಹೊಗೆಯ ಜಾಗ ಅಂತೆ, ಜಲಪಾತದ ತುಂತುರಿನಿಂದ ಬಂದ ಹೆಸರು. ಅಲ್ಲಿ ಸ್ವಲ್ಪ ಹತ್ತಿ ಅಂಟಿಸಬೇಕು ಅಂತ ಆಸೆಯಿದೆ.

ಇನ್ನೊಂದು, ಜಲಾಶಯಗಳು. ನಾನು ಬಳಸಿದ ಎತ್ತರದ ಮಾಹಿತಿ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದದ್ದು. 185 ಮೀಟರ್ ಎತ್ತರದ ಕಾತ್ಸೆ ಅಣೆಕಟ್ಟು ಆಗಲೇ ಇತ್ತು, ಆದ್ದರಿಂದ ಅಲ್ಲಿ ನೀರು ಸಪಾಟಾಗಿ ಕಾಣುತ್ತದೆ. ಇನ್ನೊಂದು ಜಲಾಶಯ ಮೊಹಾಲೆ ತುಂಬಿದ್ದು ಆಮೇಲೆ. ಅಲ್ಲಿ ಇನ್ನೂ ಹಳೇ ಕಣಿವೆಯೇ ಇದೆ! ಮೊದಲು ಮುಚ್ಚಿಬಿಡೋಣ ಅಂದುಕೊಂಡೆ. ಮನಸ್ಸು ಬರಲಿಲ್ಲ. ಈಗ ಮುಳುಗಿರುವ ಕಣಿವೆಯನ್ನು ಇದ್ದ ಹಾಗೇ ಕೊರೆದು, ಮೇಲೆ ನೀಲಿ ಬಣ್ಣದ ಪಾರದರ್ಶಕ ಹಾಳೆ ಹಾಕಿದ್ದೇನೆ.

ಮುಂದಿನ ವಾರ 2,700 ಮತ್ತು 2,800. ಕೊನೆಯ ಹಾಳೆ 3,400 ಮೀಟರ್, ಅದರಲ್ಲಿ ಉಳಿಯುವುದು ಕೆಲವೇ ಚೂರು. ಒಂದು ಚೂರಿನ ಮೇಲೆ ಥಬಾನಾ ಎನ್‌ಟ್ಲೆನ್ಯಾನಾ ಬರಬೇಕು. ಚಂದದ ಪುಟ್ಟ ಬೆಟ್ಟ ಅಂತ ಅದರ ಅರ್ಥ. 3,482 ಮೀಟರ್, ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಅದಕ್ಕಿಂತ ಎತ್ತರದ್ದು ಇಲ್ಲ. ಉಳಿದ 82 ಮೀಟರ್‌ಗೆ ಪೂರ್ತಿ ಹಾಳೆ ಬೇಕಿಲ್ಲ. ಗೋಂದಿನಲ್ಲಿ ಕಲಸಿದ ಮರದ ಪುಡಿ ಒಂದು ಚಿಟಿಕೆ ಎತ್ತಿಟ್ಟಿದ್ದೇನೆ.