ಎಣಿಕೆ ಮೇಜಿನ ಬಳಿ ಏಜೆಂಟನಿಗೆ ಏನು ಕೆಲಸ?

ನಮ್ಮ ಕಾಸರಗೋಡಿನಲ್ಲಿ ಪಂಚಾಯತ್ ಚುನಾವಣೆಯ ಎಣಿಕೆಗೆ ಪಕ್ಷದ ಪರವಾಗಿ ಒಳಗೆ ಹೋಗುವ ಹೆಚ್ಚಿನವರು ಪಾಸು ನೇತುಹಾಕಿಕೊಂಡು ಬರಿಗೈಯಲ್ಲಿ ಹೋಗುತ್ತಾರೆ. ಫಲಿತಾಂಶ ಕೇಳಲಿಕ್ಕೆ ಏಜೆಂಟ್ ಬೇಕಿಲ್ಲ, ಹೊರಗೆ ಮೈಕು ಇರುತ್ತದೆ. ಒಳಗಿರುವವನ ಕೆಲಸ ಬೂತಿನ ಲೆಕ್ಕವನ್ನೂ ಯಂತ್ರದ ಲೆಕ್ಕವನ್ನೂ ತಾಳೆ ನೋಡುವುದು.

ಬೂತಿನ ಲೆಕ್ಕ ಮತದಾನ ಮುಗಿದ ಸಂಜೆಯೇ ಸಿಗುತ್ತದೆ. ಕಂಟ್ರೋಲ್ ಯೂನಿಟ್ಟಿನ (ಮತಯಂತ್ರದಲ್ಲಿ ಮತ ದಾಖಲಾಗುವ ಭಾಗ) ನಂಬರು, ಅದಕ್ಕೆ ಹಾಕಿದ ಪೇಪರ್ ಸೀಲಿನ ನಂಬರು, ಒಟ್ಟು ಮತ ಇವನ್ನೆಲ್ಲ ಬರೆದ ಹಾಳೆಯ ಪ್ರತಿಯನ್ನು ಪ್ರಿಸೈಡಿಂಗ್ ಆಫೀಸರ್ ಬೂತ್ ಏಜೆಂಟರಿಗೆ ಕೊಡುತ್ತಾರೆ. ಎಣ್ಮಕಜೆ, ದೇಲಂಪಾಡಿ ಕಡೆಯ ಮೂಲೆಯ ಬೂತುಗಳಿಂದ ಅದು ಪಕ್ಷದ ಕಚೇರಿಗೆ ತಲುಪುವುದೇ ಕಷ್ಟ. ಏಜೆಂಟನ ಅಂಗಿಯ ಕಿಸೆಯಲ್ಲಿ ಉಳಿದು ಒಗೆಯುವ ಕಲ್ಲಿಗೆ ಹೋಗುತ್ತದೆ. ಅದೇ ರಾತ್ರಿ ತರಿಸಿಕೊಳ್ಳಿ. ವಾಟ್ಸಾಪಿನಲ್ಲಿ ಫೋಟೋ ಬಂದರೆ ಪ್ರಿಂಟ್ ತೆಗೆಸಿಡಿ, ಎಣಿಕೆ ಹಾಲಿನೊಳಗೆ ಫೋನು ಬಿಡುವುದಿಲ್ಲ.

ಇನ್ನೊಂದು ಹಾಳೆಯನ್ನು ನೀವೇ ಗೆರೆ ಎಳೆದು ಮಾಡಿಕೊಳ್ಳಬೇಕು. ಗ್ರಾಮ, ಬ್ಲಾಕ್, ಜಿಲ್ಲೆ ಹೀಗೆ ಪ್ರತಿ ಹಂತಕ್ಕೆ ಅಭ್ಯರ್ಥಿಗಳ ಕ್ರಮಸಂಖ್ಯೆ, ಎದುರಿಗೆ ಹೆಸರು, ಬೂತಿಗೊಂದು ಕಾಲಂ. ಯಂತ್ರದ ಪರದೆಯಲ್ಲಿ ಹೆಸರು ಬರುವುದಿಲ್ಲ, ಬರೇ ನಂಬರು ಮತ್ತು ಮತ. ಒಂದೇ ಹೆಸರಿನ ಇಬ್ಬರು ಕಣದಲ್ಲಿದ್ದರೆ, ಅದು ನಮ್ಮಲ್ಲಿ ಅಪರೂಪವೇನಲ್ಲ, ಇನಿಶಿಯಲ್ ಸಮೇತ ಬರೆದುಕೊಳ್ಳಿ. ಮತಪತ್ರದಲ್ಲಿ ಇಲ್ಲಿ ಕನ್ನಡವೂ ಇರುತ್ತದೆ, ಆದರೆ ಹಾಲಿನೊಳಗಿನ ಕೂಗು, ಬರಹ ಹೆಚ್ಚಾಗಿ ಮಲಯಾಳದಲ್ಲೇ. ಮಲಯಾಳ ಓದಲು ಬಾರದವರನ್ನು ಒಬ್ಬರನ್ನೇ ಕಳಿಸಬೇಡಿ.

ಎಣಿಕೆ ಬೆಳಿಗ್ಗೆ 8ಕ್ಕೆ ಅಂಚೆ ಮತದಿಂದ ಶುರು. ಗ್ರಾಮ ಮತ್ತು ಬ್ಲಾಕ್ ಪಂಚಾಯತಿನ ಅಂಚೆ ಮತಗಳನ್ನು ಆಯಾ ವರಣಾಧಿಕಾರಿಗಳು (ರಿಟರ್ನಿಂಗ್ ಆಫೀಸರ್) ಬ್ಲಾಕ್ ಕೇಂದ್ರದಲ್ಲೇ ಎಣಿಸುತ್ತಾರೆ. ಜಿಲ್ಲಾ ಪಂಚಾಯತಿನದ್ದು ವಿದ್ಯಾನಗರದ ಕಲೆಕ್ಟರೇಟಿನಲ್ಲಿ. ಹಾಗಾಗಿ ಜಿಲ್ಲಾ ಡಿವಿಜನಿನ (ಜಿಲ್ಲಾ ಪಂಚಾಯತ್ ಕ್ಷೇತ್ರದ) ಲೀಡನ್ನು ಬ್ಲಾಕ್ ಕೇಂದ್ರದಲ್ಲಿ ನಿಂತು ಘೋಷಿಸಿ ಪಟಾಕಿ ಹೊಡೆಯುವುದು ಅವಸರ. ಅಂಚೆ ಮತದಲ್ಲಿ ಮೊದಲು ನೋಡಬೇಕಾದ್ದು ಮತದಾರ ಸಹಿ ಹಾಕಿ ಕಳಿಸುವ ಘೋಷಣಾ ಪತ್ರ. ಅದು ಇಲ್ಲದಿದ್ದರೆ, ಸಹಿ ಅಥವಾ ದೃಢೀಕರಣ ಇಲ್ಲದಿದ್ದರೆ, ಮತಪತ್ರವಿರುವ ಒಳಗಿನ ಸಣ್ಣ ಕವರನ್ನು ತೆರೆಯುವುದೇ ಇಲ್ಲ. ಎಷ್ಟೋ ಮಂದಿ ಘೋಷಣೆಯನ್ನು ಮತಪತ್ರದ ಜೊತೆಗೇ ಸಣ್ಣ ಕವರಿಗೆ ಹಾಕಿ ಅಂಟಿಸಿರುತ್ತಾರೆ.

ಸ್ಟ್ರಾಂಗ್ ರೂಮಿನಿಂದ ಮೇಜಿಗೆ ಬರುವುದು ಕಂಟ್ರೋಲ್ ಯೂನಿಟ್ ಮಾತ್ರ. ಸೀಲು ಒಡೆಯುವ ಮುಂಚೆ ನಂಬರು ತಾಳೆ ನೋಡಿ. ಒಡೆದ ಮೇಲೆ ಹೇಳಿದರೆ ಕೇಳುವವರಿಲ್ಲ.

ಹೊಸಬರು ಗಾಬರಿಯಾಗುವುದು ಮುಂದಿನ ಹಂತದಲ್ಲಿ. ಪಂಚಾಯತಿನಲ್ಲಿ ಒಂದು ಕಂಟ್ರೋಲ್ ಯೂನಿಟ್ಟಿಗೆ ಮೂರು ಬ್ಯಾಲೆಟ್ ಯೂನಿಟ್ (ಮತದಾರ ಬಟನ್ ಒತ್ತುವ ಭಾಗ): ಗ್ರಾಮಕ್ಕೆ ಬಿಳಿ, ಬ್ಲಾಕಿಗೆ ಗುಲಾಬಿ, ಜಿಲ್ಲೆಗೆ ನೀಲಿ ಹಾಳೆ. ನೋಟಾ ಇಲ್ಲ. ಒಂದೋ ಎರಡೋ ಹಂತಕ್ಕೆ ಮಾತ್ರ ಮತ ಹಾಕಿದವರು ‘ಎಂಡ್’ ಬಟನ್ ಒತ್ತಿ ಮುಗಿಸಬಹುದು. ಆದ್ದರಿಂದ ಒಂದೇ ಬೂತಿನಲ್ಲಿ ಗ್ರಾಮದ ಒಟ್ಟು 812, ಬ್ಲಾಕಿನದ್ದು 801 ಎಂದು ಬಂದರೆ ಮತ ಕಳವಾಗಿಲ್ಲ. ಯಾವ ಹಂತದ ಒಟ್ಟೂ ಮತ ಹಾಕಿದವರ ಸಂಖ್ಯೆಗಿಂತ ಹೆಚ್ಚಾಗಬಾರದು, ಅಷ್ಟೆ. ಹೆಚ್ಚಾದರೆ ಮತದಾನದ ದಿನ ಬೆಳಗಿನ ಮಾಕ್ ಪೋಲಿನ (ಅಣಕು ಮತದಾನದ) ಮತ ಅಳಿಸದೆ ಉಳಿದಿರಬಹುದು. ತಕ್ಷಣ ಮೇಲ್ವಿಚಾರಕರಿಗೆ ತಿಳಿಸಿ, ವರಣಾಧಿಕಾರಿಗೆ ಬರೆದು ಕೊಡಿ. ಪರದೆ ಓಡುವ ವೇಗಕ್ಕೆ ಕೈ ಸಾಲದಿದ್ದರೆ ಇನ್ನೊಮ್ಮೆ ತೋರಿಸಲು ಕೇಳಿ, ಸಂಕೋಚ ಬೇಡ. ರಿಸಲ್ಟ್ ಬಟನ್ ಮತ್ತೆ ಒತ್ತಿದರೆ ಅದೇ ಅಂಕಿ ಬರುತ್ತದೆ.

ಮರುಎಣಿಕೆ ಬೇಕಾದರೆ ಫಲಿತಾಂಶ ಘೋಷಿಸುವ ಮುಂಚೆ, ಕಾರಣ ಸಮೇತ ಲಿಖಿತ ಅರ್ಜಿ ಕೊಡಬೇಕು. ‘ಅಂತರ ಕಮ್ಮಿ’ ಎನ್ನುವುದು ಕಾರಣವಾಗದು. ‘ಇಂಥ ಬೂತಿನಲ್ಲಿ ಕ್ರಮಸಂಖ್ಯೆ 2ರ ಮತ ಕೂಡಿಸುವಾಗ ಬಿಟ್ಟುಹೋಗಿದೆ’ ಎಂದರೆ ಕಾರಣ. 2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರವೇ 89 ಮತದಲ್ಲಿ ತೀರ್ಮಾನವಾಗಿತ್ತು, ಇನ್ನು ವಾರ್ಡಿನ ಮಾತೇನು? ಸಮಸಮ ಬಂದರೆ ಚೀಟಿ ಎತ್ತುತ್ತಾರೆ. ಘೋಷಣೆಯಾದ ಮೇಲೆ ಉಳಿಯುವುದು ಕೋರ್ಟು: ಗ್ರಾಮ ಪಂಚಾಯತಿಗೆ ಮುನ್ಸಿಫ್ ಕೋರ್ಟ್, ಬ್ಲಾಕ್ ಮತ್ತು ಜಿಲ್ಲೆಗೆ ಜಿಲ್ಲಾ ನ್ಯಾಯಾಲಯ, 30 ದಿನದೊಳಗೆ.

ಅಷ್ಟೇ 30 ದಿನದಲ್ಲಿ ಖರ್ಚಿನ ಲೆಕ್ಕವನ್ನೂ ಕೊಡಬೇಕು, ಗೆದ್ದವರೂ ಸೋತವರೂ. ಗ್ರಾಮ ಪಂಚಾಯತಿಗೆ ಮಿತಿ 25,000 ರೂಪಾಯಿ. ಸೋತವರು ಇದನ್ನು ಮರೆತೇಬಿಡುತ್ತಾರೆ, ಆಮೇಲೆ ಆಯೋಗ ಅನರ್ಹಗೊಳಿಸಿದಾಗ ಪಕ್ಷದ ಕಚೇರಿಗೆ ಓಡಿಬರುತ್ತಾರೆ. ಬಿಲ್ಲುಗಳನ್ನು ಎಣಿಕೆಯ ಮರುದಿನವೇ ಅಭ್ಯರ್ಥಿಯಿಂದ ವಸೂಲು ಮಾಡಿ.