ಸುರಕ್ಷತಾ ಮೇಳದಲ್ಲಿ ಒಂದು ದಿನ: ಡೆಮೊ ನೋಡಿ, ಲೆಕ್ಕ ಕೇಳಿ
ಗುರುವಾರ, 13 ಮಾರ್ಚ್ 2025

ಬಾಗಿಲು ತೆರೆದ ಮೊದಲ ಒಂದು ಗಂಟೆಯೇ ಮೇಳದ ಒಳ್ಳೆಯ ಹೊತ್ತು. ಮಳಿಗೆಯವರಿಗೆ ಮಾತಾಡಲು ಪುರುಸೊತ್ತಿರುತ್ತದೆ. ಮಧ್ಯಾಹ್ನದ ಮೇಲೆ ಚೀಲ, ಪೆನ್ನು ಹಂಚುವುದರಲ್ಲೇ ಅವರ ಕೈ ತುಂಬಿಹೋಗುತ್ತದೆ. ಹಾಗಾಗಿ ತಾಂತ್ರಿಕ ಪ್ರಶ್ನೆಗಳಿದ್ದ ಮಳಿಗೆಗಳು ಮೊದಲು, ಭಾಷಣ ಆಮೇಲೆ. ಕೈಯಲ್ಲಿ ಒಂದೇ ಹಾಳೆ. ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನು ಬರೆದಿಡುವ ನಿಯರ್ ಮಿಸ್ ರಿಜಿಸ್ಟರಿನಿಂದ ಆರಿಸಿದ ನಾಲ್ಕು ಸಮಸ್ಯೆ, ಪ್ರತಿಯೊಂದರ ಪಕ್ಕ ಅದರ ಅಳತೆ: ತಗಡು ಒತ್ತುವ ಪ್ರೆಸ್ ನಿಲ್ಲಲು ಹಿಡಿಯುವ ಸಮಯ, ಟ್ಯಾಂಕಿನ ಆಳ, ಅಟ್ಟದ ಎತ್ತರ, ತಗಡಿನ ದಪ್ಪ. ಅಳತೆ ಇಲ್ಲದೆ ಹೋದರೆ ಅವರಲ್ಲಿ ಏನಿದೆಯೋ ಅದನ್ನೇ ತೋರಿಸಿ ಕಳಿಸುತ್ತಾರೆ.

ಹೆಚ್ಚು ಹೊತ್ತು ಹೋದದ್ದು ಲೈಟ್ ಕರ್ಟನ್ ಮುಂದೆ. ಬೆಳಕಿನ ಕಿರಣಗಳ ಪರದೆಯನ್ನು ಕೈ ದಾಟಿದೊಡನೆ ಯಂತ್ರ ನಿಲ್ಲಿಸುವ ಸಾಧನ ಅದು. ಡೆಮೊ ಎಲ್ಲ ಕಡೆ ಒಂದೇ. ಚಿಕ್ಕ ಮೋಟಾರು ಗಿರಗಿರ ತಿರುಗುತ್ತಿರುತ್ತದೆ, ಕೈ ಚಾಚಿದರೆ ಟಕ್ಕನೆ ನಿಲ್ಲುತ್ತದೆ. ಅಂಗೈಯಷ್ಟು ಮೋಟಾರು ನಿಲ್ಲದೆ ಇನ್ನೇನು ಮಾಡೀತು? ಪ್ರೆಸ್ಸಿನ ತೂಕ, ಸವೆದ ಬ್ರೇಕು ಬೇರೆಯೇ ಲೆಕ್ಕ. ಕರ್ಟನ್ನನ್ನು ತಗಡನ್ನು ಒತ್ತುವ ಅಚ್ಚಿನಿಂದ (ಡೈ) ಎಷ್ಟು ದೂರ ಕೂರಿಸಬೇಕು ಎಂಬುದನ್ನು ಐಎಸ್‌ಒ 13855 ಎಂಬ ಅಂತರರಾಷ್ಟ್ರೀಯ ಮಾನದಂಡದ ಸೂತ್ರ ಹೇಳುತ್ತದೆ. ಕೈಯ ವೇಗ ಸೆಕೆಂಡಿಗೆ 2000 ಮಿ.ಮೀ. ಎಂದು ಹಿಡಿದು ಒಟ್ಟು ನಿಲ್ಲುವ ಸಮಯದಿಂದ ಗುಣಿಸಬೇಕು. ಕರ್ಟನ್ನಿನ ರೆಸಲ್ಯೂಶನ್ನಿನಲ್ಲಿ, ಅಂದರೆ ಅದು ಗುರುತಿಸಬಲ್ಲ ಅತಿ ಸಣ್ಣ ವಸ್ತುವಿನ ಮಿ.ಮೀ. ಗಾತ್ರದಲ್ಲಿ, 14 ಕಳೆದು, ಉಳಿದದ್ದನ್ನು 8ರಿಂದ ಗುಣಿಸಿ ಕೂಡಿಸಬೇಕು. ನಿಲ್ಲಲು 0.2 ಸೆಕೆಂಡ್ ಬೇಕಾದರೆ, ಬೆರಳನ್ನು ಗುರುತಿಸುವ 14 ಮಿ.ಮೀ. ಕರ್ಟನ್ನಿಗೆ 400 ಮಿ.ಮೀ. ದೂರ. ಕೈಯನ್ನಷ್ಟೇ ಗುರುತಿಸುವ 30 ಮಿ.ಮೀ.ನದಾದರೆ 528. ಉತ್ತರ 500 ದಾಟಿದಾಗ ವೇಗವನ್ನು 1600 ಎಂದು ಹಿಡಿದು ಮತ್ತೆ ಲೆಕ್ಕ ಹಾಕಬಹುದು, 448 ಬರುತ್ತದೆ. ಆದರೆ ಆಗ 500ಕ್ಕಿಂತ ಹತ್ತಿರ ಇಡುವಂತಿಲ್ಲ. ಅಂದರೆ 30ರ ಕರ್ಟನ್ ಕೊಂಡರೆ ಆಪರೇಟರು 100 ಮಿ.ಮೀ. ಹಿಂದೆ ನಿಂತು ದಿನವಿಡೀ ಬಗ್ಗಿ ಕೆಲಸ ಮಾಡಬೇಕು. ಎರಡನೇ ವಾರಕ್ಕೆ ಯಾರೋ ಅದನ್ನು ಬೈಪಾಸ್ ಮಾಡಿರುತ್ತಾರೆ.

ಇಲ್ಲಿ ಎಡವುವುದು 'ಒಟ್ಟು' ಎಂಬ ಪದದಲ್ಲಿ. ಕ್ಯಾಟಲಾಗಿನಲ್ಲಿ ಇರುವುದು ಕರ್ಟನ್ನಿನ ಪ್ರತಿಕ್ರಿಯೆ ಸಮಯ ಮಾತ್ರ, ಕೆಲವೇ ಮಿಲಿಸೆಕೆಂಡ್. ಸೇಫ್ಟಿ ರಿಲೇ, ವಾಲ್ವು, ಬ್ರೇಕು ಎಲ್ಲದರ ಸಮಯವನ್ನೂ ಅದಕ್ಕೆ ಸೇರಿಸಬೇಕು. ಬ್ರೇಕ್ ಲೈನರ್ ಸವೆದು 0.2 ಇದ್ದದ್ದು 0.25 ಆಯಿತೋ, 400ರಲ್ಲಿ ಕೂರಿಸಿದ ಕರ್ಟನ್ 500ರಲ್ಲಿ ಇರಬೇಕಿತ್ತು. ಕೆಂಪು ದೀಪ, ಹಸಿರು ದೀಪ ಎಲ್ಲ ಸರಿಯಾಗಿಯೇ ಉರಿಯುತ್ತಿರುತ್ತವೆ. ಸ್ಟಾಪ್ ಟೈಮ್ ಮೀಟರ್ ಬಾಡಿಗೆಗೆ ಸಿಗುತ್ತದೆಯೇ, ವರ್ಷಕ್ಕೊಮ್ಮೆ ಬಂದು ಅಳೆದುಕೊಡುತ್ತೀರಾ ಎಂದು ಕೇಳಿದರೆ ಯಾರಿಗೆ ವಿಷಯ ಗೊತ್ತು ಎಂಬುದು ಅಲ್ಲೇ ತಿಳಿಯುತ್ತದೆ. ಇನ್ನೊಂದು: ಒಮ್ಮೆ ಕ್ಲಚ್ ಹಿಡಿದರೆ ಸುತ್ತು ಪೂರ್ತಿ ಮುಗಿಸಿಯೇ ನಿಲ್ಲುವ ಹಳೆಯ ಪ್ರೆಸ್ಸಿಗೆ ಲೈಟ್ ಕರ್ಟನ್ ಹಾಕಿ ಉಪಯೋಗವಿಲ್ಲ. ಕೈ ಹೋಗದಂತೆ ತಡೆಯುವ ಗಟ್ಟಿ ಗಾರ್ಡೇ ಬೇಕು. ಇದನ್ನು ಮಳಿಗೆಯವರು ತಾವಾಗಿ ಹೇಳುವುದು ಕಡಿಮೆ.

ಗ್ಯಾಸ್ ಡಿಟೆಕ್ಟರ್ ಸಾಲಿನಲ್ಲಿ ಸಿಗರೇಟ್ ಲೈಟರಿನ ಗ್ಯಾಸ್ ಬಿಟ್ಟು ಅಲಾರಂ ಹೊಡೆಸುವ ಚಟ ಇನ್ನೂ ಹೋಗಿಲ್ಲ. ಅದರಿಂದ ಗೊತ್ತಾಗುವುದು ಉರಿಯುವ ಗ್ಯಾಸಿನ ಸೆನ್ಸರ್ ಬದುಕಿದೆ ಎಂದಷ್ಟೇ; ಅಷ್ಟು ಗಾಢ ಗ್ಯಾಸ್ ಆ ಸೆನ್ಸರಿಗೂ ಒಳ್ಳೆಯದಲ್ಲ. ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್ ಸೆನ್ಸರುಗಳು ಸತ್ತಿದ್ದರೂ ಗೊತ್ತಾಗದು. ಸೆನ್ಸರುಗಳಿಗೆ ಗ್ಯಾಸ್ ತಾಗಿಸಿ ಅಲಾರಂ ಆಗುತ್ತದೆಯೇ ಎಂದು ನೋಡುವ ಸರಿಯಾದ ಬಂಪ್ ಟೆಸ್ಟಿಗೆ ಆಮ್ಲಜನಕ, ಉರಿಯುವ ಗ್ಯಾಸ್, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್ ನಾಲ್ಕೂ ಬೆರೆತ ಸಿಲಿಂಡರು, ಸಾಮಾನ್ಯವಾಗಿ ನಿಮಿಷಕ್ಕೆ 0.5 ಲೀಟರಿನ ರೆಗ್ಯುಲೇಟರು ಬೇಕು. ಪ್ರತಿದಿನ ಬಳಸುವ ಮೊದಲು ಮಾಡಬೇಕು. ಸಿಲಿಂಡರಿಗೂ ಎಕ್ಸ್‌ಪೈರಿ ಇದೆ, ಅದನ್ನು ನೋಡುವವರು ಅಪರೂಪ.

ಟ್ಯಾಂಕಿಗೆ ಇಳಿಯುವ ಮುಂಚೆ ಮೊದಲು ಆಮ್ಲಜನಕ, ಆಮೇಲೆ ಉರಿಯುವ ಗ್ಯಾಸ್, ಕೊನೆಗೆ ವಿಷಾನಿಲ ಅಳೆಯಬೇಕು. ಈ ಕ್ರಮಕ್ಕೆ ಕಾರಣವಿದೆ. ಉರಿಯುವ ಗ್ಯಾಸಿಗಿರುವ ಕ್ಯಾಟಲಿಟಿಕ್ ಸೆನ್ಸರು ಅದನ್ನು ಉರಿಸಿಯೇ ಅಳೆಯುವುದು. ನೈಟ್ರೋಜನ್ ತುಂಬಿದ ಟ್ಯಾಂಕಿನಲ್ಲಿ ಉರಿಯಲು ಆಮ್ಲಜನಕವೇ ಇಲ್ಲ, ಹಾಗಾಗಿ ಗ್ಯಾಸ್ ಭರ್ತಿ ಇದ್ದರೂ ಸೊನ್ನೆ ತೋರಿಸಬಹುದು. ಸಿಲಿಕೋನ್ ಸ್ಪ್ರೇ ತಾಗಿದರೂ ಇದೇ ಸೆನ್ಸರು ಸದ್ದಿಲ್ಲದೆ ಸಾಯುತ್ತದೆ. ಮೀಥೇನ್ ಮೇಲಕ್ಕೆ ಏರುತ್ತದೆ, ಹೈಡ್ರೋಜನ್ ಸಲ್ಫೈಡ್ ತಳ ಸೇರುತ್ತದೆ; ಆದ್ದರಿಂದ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ನೋಡಬೇಕು. ಒಳಗಿನ ಗಾಳಿಯನ್ನು ಪಂಪಿನಿಂದ ಎಳೆಯುವ ಪೈಪಿನ ಉದ್ದ ಹೆಚ್ಚಿದಷ್ಟೂ ಪ್ರತಿ ಮಟ್ಟದಲ್ಲೂ ಕಾಯುವ ಹೊತ್ತು ಹೆಚ್ಚು. ಎಷ್ಟು ಎಂಬುದು ಆಯಾ ಪಂಪಿನ ಪುಸ್ತಕದಲ್ಲಿರುತ್ತದೆ.

ಎತ್ತರದಲ್ಲಿ ಕೆಲಸ ಮಾಡುವವರು ತೊಡುವ ಸುರಕ್ಷತಾ ಪಟ್ಟಿಯ (ಹಾರ್ನೆಸ್) ಮಳಿಗೆಯಲ್ಲಿ ಎತ್ತರದ ಕಂಬದಿಂದ ಗೊಂಬೆ ಬೀಳಿಸುತ್ತಿದ್ದರು, ಫೋನು ಹಿಡಿದವರ ಗುಂಪೂ ಅಲ್ಲೇ. ನಮ್ಮ ಹಾಳೆಯಲ್ಲಿದ್ದ ಅಟ್ಟ 4.5 ಮೀಟರಿನದು. ಹಗ್ಗ ಕಟ್ಟುವ ಆ್ಯಂಕರ್ ಕಾಲಿನ ಮಟ್ಟದಲ್ಲಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ, ಹಾರ್ನೆಸ್ಸಿನ ಬೆನ್ನಿಗಿರುವ ಡಿ ರಿಂಗ್ ಎಂಬ ಬಳೆಯ ಮಟ್ಟದಲ್ಲಿದೆ ಎಂದೇ ಹಿಡಿಯೋಣ: ಎರಡನ್ನೂ ಜೋಡಿಸುವ ಹಗ್ಗ (ಲ್ಯಾನ್ಯಾರ್ಡ್) 1.8, ಬೀಳುವ ಜಗ್ಗನ್ನು ತಗ್ಗಿಸುವ ಶಾಕ್ ಅಬ್ಸಾರ್ಬರ್ ಬಿಚ್ಚಿಕೊಳ್ಳುವುದು ಇಎನ್ 355 ಎಂಬ ಯುರೋಪಿನ ಮಾನದಂಡದ ಪ್ರಕಾರ ಹೆಚ್ಚೆಂದರೆ 1.75, ಡಿ ರಿಂಗಿನಿಂದ ಪಾದದವರೆಗೆ 1.5, ಅದರ ಕೆಳಗೆ 1 ಮೀಟರ್ ಖಾಲಿ ಜಾಗ. ಒಟ್ಟು 6.05, ಆ್ಯಂಕರಿನಿಂದ ಕೆಳಕ್ಕೆ. ಇರುವುದು 4.5 ಮತ್ತು 1.5 ಸೇರಿ 6. ಹಾರ್ನೆಸ್ ಸಾಲುತ್ತದೆಯೋ ಇಲ್ಲವೋ ಎಂಬುದು 5 ಸೆಂಟಿಮೀಟರಿನ ಮೇಲೆ ನಿಂತರೆ, ಸಾಲುವುದಿಲ್ಲ ಎಂದೇ ಅರ್ಥ. ಬಿದ್ದು ನೇತಾಡುವವರನ್ನು ಕೆಲ ನಿಮಿಷಗಳಲ್ಲಿ ಇಳಿಸುವ ವ್ಯವಸ್ಥೆಯೂ ಬೇಕು. ಬಿಚ್ಚಿ ಜೋಡಿಸಬಹುದಾದ ಗಾರ್ಡ್‌ರೇಲಿನ ಮಳಿಗೆ ಹಾಲಿನ ಮೂಲೆಯಲ್ಲಿತ್ತು. ಅಲ್ಲಿ ಯಾರೂ ಇರಲಿಲ್ಲ. ಈ ಅಟ್ಟಕ್ಕೆ ಬೇಕಾದದ್ದು ಅದೇ.

ಭಾಷಣಗಳಲ್ಲಿ ಕೂತು ಕೇಳುವಂತಿದ್ದದ್ದು ಲಾಕೌಟ್ ಕುರಿತದ್ದೊಂದೇ, ಅಂದರೆ ರಿಪೇರಿಗೆ ಮುಂಚೆ ಯಂತ್ರದ ಶಕ್ತಿ ಕಡಿದು ಬೀಗ ಹಾಕುವುದು. ಬೀಗ ಹಾಕಿದ ಮೇಲೂ ಉಳಿಯುವ ಶಕ್ತಿಯ ಬಗ್ಗೆ: ಒತ್ತಡ ಶೇಖರಿಸಿಡುವ ಅಕ್ಯುಮುಲೇಟರಿನ ಒತ್ತಡ, ಕೆಪಾಸಿಟರು, ಪ್ರೆಸ್ಸಿನಲ್ಲಿ ಮೇಲೆತ್ತಿ ನಿಂತ, ತಗಡು ಒತ್ತುವ ರ್‍ಯಾಮು. ವೋಲ್ಟೇಜ್ ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ, ಆಮೇಲೆ ಬೀಗ ಹಾಕಿದ ಸರ್ಕ್ಯೂಟಿನಲ್ಲಿ, ಮತ್ತೆ ಕರೆಂಟ್ ಇರುವ ಕಡೆ ಇಟ್ಟು ನೋಡಬೇಕು. ಈ ಮೂರನೆಯದನ್ನು ಬಿಡುವವರೇ ಹೆಚ್ಚು. ನಡುವೆ ಟೆಸ್ಟರೇ ಕೆಟ್ಟಿದ್ದರೆ?

ಗ್ಲೌಸ್ ಕೊನೆಗೆ. ಗ್ಲೌಸಿನ ಯುರೋಪಿಯನ್ ಮಾನದಂಡ ಇಎನ್ 388ರ ಗುರುತು 4ಎಕ್ಸ್43ಸಿ ಎಂದಿದ್ದರೆ ಉಜ್ಜಿಕೆಗೆ 4, ಹರಿಯುವುದಕ್ಕೆ 4, ಚುಚ್ಚುವುದಕ್ಕೆ 3. ಎಕ್ಸ್ ಅಂದರೆ ತಿರುಗುವ ಬ್ಲೇಡಿನ ಹಳೆಯ ಕೊಯ್ತದ ಪರೀಕ್ಷೆಯ ಅಂಕ ಇಲ್ಲ ಎಂದು. ಸ್ಟೀಲ್, ಗಾಜಿನ ನೂಲಿಗೆ ಆ ಬ್ಲೇಡೇ ಮೊಂಡಾಗುವುದರಿಂದ ಐಎಸ್‌ಒ 13997 ಎಂಬ ಇನ್ನೊಂದು ಕೊಯ್ತದ ಪರೀಕ್ಷೆಯ ಅಕ್ಷರ, ಗುರುತಿನಲ್ಲಿ ಕೊನೆಯದು, ನೋಡಬೇಕು: ಸಿ ಅಂದರೆ ಕನಿಷ್ಠ 10 ನ್ಯೂಟನ್, ಡಿ ಅಂದರೆ 15. ತಗಡು ಕತ್ತರಿಸುವ ಜಾಗಕ್ಕೆ ಸಿ, ಡಿ ಎರಡರದೂ 8, 9, 10ರ ಅಳತೆಯಲ್ಲಿ ಐದೈದು ಜೊತೆ ಸ್ಯಾಂಪಲ್ ಬರೆಸಿಯಾಯಿತು. ಡ್ರಿಲ್ಲಿಂಗ್ ಮೆಷಿನ್ನಿನವರಿಗೆ ಯಾವುದೂ ಇಲ್ಲ. ತಿರುಗುವ ಬಿಟ್ಟಿನ ಹತ್ತಿರ ಗ್ಲೌಸ್ ಹಾಕಬಾರದು.